ಸಹಾಯ ಬೇಕು: ಮೆಸೇಜ್ ಭಾಷೆ ಪರೀಕ್ಷೆಯಲ್ಲೂ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ರಜೆ ಚೀಟಿಯಲ್ಲೂ 'ಪ್ಲೀಸ್' ಅನ್ನೋದನ್ನು ಪಿ, ಎಲ್, ಝಡ್ ಅಂತ ಮೂರೇ ಅಕ್ಷರದಲ್ಲಿ ಮುಗಿಸುತ್ತಾರೆ. ಗೆಳೆಯರಿಗೆ ಹೇಗಾದರೂ ಬರೆಯಲಿ, ನನ್ನ ತಕರಾರಿಲ್ಲ. ಹಿಂದೆ ಒಂದು ಎಸ್ಎಂಎಸ್‌ಗೆ ಇಂಗ್ಲಿಷಿನಲ್ಲಿ 160 ಅಕ್ಷರದ ಮಿತಿ, ಕನ್ನಡದಲ್ಲಾದರೆ ಗುಣಿತ, ಒತ್ತು ಸೇರಿ ಬರೀ 70. ಮೊಟಕು ಮಾಡಲೇಬೇಕಿತ್ತು. ಉತ್ತರ ಪತ್ರಿಕೆಗೆ ಆ ಕಟ್ಟು ಇಲ್ಲ, ಅಲ್ವಾ? (ನಾವೂ ಕಿ.ಮೀ., ಕ್ರಿ.ಶ. ಅಂತ ಬರೆಯುತ್ತೇವೆ ಎಂದು ಒಬ್ಬ ಹುಡುಗ ವಾದಿಸಿದ. ಜಾಣ!)

ಸುಮ್ನೆ ಮಾರ್ಕ್ಸ್ ಕಳೆದರೆ ಬರೆಯೋದನ್ನೇ ಬಿಟ್ಟಾರು ಅನ್ನೋ ಭಯ. ನಿಮ್ಮ ಶಾಲೆಯಲ್ಲಿ ಏನು ಮಾಡುತ್ತೀರಿ? ಮೆಸೇಜನ್ನು ಪೂರ್ತಿ ವಾಕ್ಯವಾಗಿ ಬರೆಸುವ ಅಭ್ಯಾಸದ ಹಾಳೆ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಎಂಟು, ಒಂಬತ್ತನೇ ಕ್ಲಾಸಿಗೆ ಆಗುವಂಥದ್ದು ಸಾಕು.