ಪದ ಬೇಕು: ‘ಶ್ರೀಕ್ಷೇತ್ರ’ ಅಂತ ಬರೆದರೆ ಊರಿನ ಹೆಸರು ಅಂತ ಗೊತ್ತಾಗುತ್ತಾ? (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದಲ್ಲಿ ಬರ್ಮಾದ ಪ್ಯೂ ಜನರ ಹಳೆಯ ನಗರಗಳ ಫೋಟೋ ಪ್ರದರ್ಶನ ಇದೆ. ಫಲಕಗಳ ಕನ್ನಡ ನನ್ನ ಪಾಲಿಗೆ ಬಂದಿದೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಹಲಿನ್, ಬೈಕ್‌ಥಾನೊ, ಶ್ರೀಕ್ಷೇತ್ರ, ಈ ಮೂರೂ ಸೇರಿ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಮ್ಯಾನ್ಮಾರಿಗೆ ಅದೇ ಮೊದಲನೆಯದು.

‘ಶ್ರೀಕ್ಷೇತ್ರದ ಇಟ್ಟಿಗೆ ಗೋಡೆ’ ಅಂತ ಬರೆದಿದ್ದೆ. ಅಮ್ಮ ಓದಿ, “ಯಾವ ಶ್ರೀಕ್ಷೇತ್ರ, ಧರ್ಮಸ್ಥಳವಾ?” ಅಂತ ಕೇಳಿದರು. ಅವರದು ತಪ್ಪಿಲ್ಲ, ನಮ್ಮ ಕಿವಿಗೆ ಅದು ಹೆಸರಲ್ಲ, ಹೆಸರಿಗೆ ಮೊದಲು ಬರುವ ಗೌರವದ ಮಾತು. ಅದರ ಪಕ್ಕ ‘ಪುರಾತತ್ವ ಕ್ಷೇತ್ರ’ ಅಂತ ಬೇರೆ ಬಂದರೆ ಇನ್ನೂ ಗೊಂದಲ. ಬರ್ಮಾದವರು ಹೇಳುವ ಹಾಗೆ ‘ಥಾಯೆಖಿತ್ತಯಾ’ ಅಂತ ಹಾಕಲಾ? ಕೋಟೆಯ ಸುತ್ತ ನೀರು ನಿಲ್ಲುವ ಗುಂಡಿಗೆ, ಸುಟ್ಟ ಮೇಲೆ ಬೂದಿ ತುಂಬಿಡುವ ಪಾತ್ರೆಗೆ ಕೂಡ ಪದ ಬೇಕು.

---

ಥಾಯೆಖಿತ್ತಯಾ ಬೇಡ ಕಣಮ್ಮ. ಅದೂ ಶ್ರೀಕ್ಷೇತ್ರವೇ. ಬರ್ಮೀಯರು ಸಕಾರ ಬರೆದು ‘ಥ’ ಅನ್ನುತ್ತಾರೆ, ರಕಾರಕ್ಕೆ ‘ಯ’ ಅನ್ನುತ್ತಾರೆ. ಬೈಕ್‌ಥಾನೊ ಅಂದರೆ ವಿಷ್ಣು. ವಕಾರ ಬಕಾರ ಆಯಿತು. ನಮ್ಮಲ್ಲಿ ವಿಷ್ಣು ಬಿಟ್ಟಿ ಆದದ್ದು, ಬಿಟ್ಟಿದೇವ ವಿಷ್ಣುವರ್ಧನ ಆದದ್ದು ನೆನಪಿದೆಯಲ್ಲ? ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಹೆಸರು ವಿಷ್ಣುವಿನದು, ಆದರೆ ಅಲ್ಲಿ ಅಗೆದಾಗ ಸಿಕ್ಕಿದ್ದು ಆಂಧ್ರದ ನಾಗಾರ್ಜುನಕೊಂಡದ್ದನ್ನು ಹೋಲುವ ಬೌದ್ಧ ವಿಹಾರ.

‘ಶ್ರೀಕ್ಷೇತ್ರ ನಗರ’ ಅಂತ ಬರೆಯಿರಿ, ಸಾಕು. ‘ಪುರಾತತ್ವ ಕ್ಷೇತ್ರ’ ತೆಗೆದು ‘ನೆಲೆ’ ಅನ್ನಿ. ಪಾತ್ರೆಗೆ ‘ಅಸ್ಥಿಕುಂಭ’.

---

ಗುಂಡಿಗೆ ಎಲ್ಲರೂ ‘ಕಂದಕ’ ಅನ್ನುತ್ತೀರಿ ಅಂತ ಗೊತ್ತು. ಅದು ಪಾರಸಿ. ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ. ನಮ್ಮ ಪದ ‘ಅಗಳು’, ಹಳಗನ್ನಡದ ‘ಅಗಳ್ತೆ’. ಅಗೆದದ್ದು ಅಗಳು, ಇದಕ್ಕಿಂತ ಸಲೀಸು ಏನು ಬೇಕು? ‘ಅಸ್ಥಿಕುಂಭ’ವೂ ಬೇಡ. ಬೂದಿ ಗಡಿಗೆ.

---

ಅಗಳು ಅಂದರೆ ಇವತ್ತು ಅನ್ನದ ಅಗಳು. ಮಕ್ಕಳು ಫಲಕ ಓದಿ ಕೋಟೆ ಸುತ್ತ ಅನ್ನ ಚೆಲ್ಲಿದ್ದರು ಅಂದುಕೊಳ್ಳಬೇಕಾ? ಚಿತ್ರದುರ್ಗ ನೋಡಿ ಬಂದವರಿಗೆಲ್ಲ ಕಂದಕ ಗೊತ್ತು. ಪಾರಸಿಯಿಂದ ಬಂದರೂ ಅದು ನಮ್ಮದೇ. ಗಡಿಗೆ ಅಂದರೆ ಮಣ್ಣಿನದು. ಶ್ರೀಕ್ಷೇತ್ರದಲ್ಲಿ ರಾಜರ ಬೂದಿ ಇಟ್ಟದ್ದು ಕಲ್ಲಿನ ಪಾತ್ರೆಗಳಲ್ಲಿ. ಅವುಗಳ ಮೇಲೆ ಹರಿವಿಕ್ರಮ, ಸೂರ್ಯವಿಕ್ರಮ ಅಂತ ಹೆಸರು ಕೊರೆದಿದ್ದಾರೆ. ಪ್ಯೂ ಮಾತು ಟಿಬೆಟೊ-ಬರ್ಮನ್ ಬಳಗದ್ದು, ಊರಿನ ಹೆಸರು ಸಂಸ್ಕೃತದ್ದು, ಪಕ್ಕದ ಮೌಂಗುನ್‌ನಲ್ಲಿ 1897ರಲ್ಲಿ ಸಿಕ್ಕ ಚಿನ್ನದ ತಗಡುಗಳಲ್ಲಿ ಪಾಲಿ ಮಾತು, ಅದರ ಲಿಪಿ ನಮ್ಮ ಬನವಾಸಿ ಕದಂಬರ ಲಿಪಿಗೆ ಹತ್ತಿರದ್ದು ಅಂತ ಪಂಡಿತರು ಹೇಳಿದ್ದಾರೆ. ಇಷ್ಟೆಲ್ಲ ಎರವಲು ತಂದು ಅವರು ಅಷ್ಟು ದೊಡ್ಡ ನಗರ ಕಟ್ಟಿದರು. ಎರವಲು ತಂದವರೆಲ್ಲ ಕೆಟ್ಟು ಹೋಗಲಿಲ್ಲ.

---

ಪ್ಯೂ ಮಾತನ್ನು ಇವತ್ತು ಆಡುವವರು ಒಬ್ಬರೂ ಇಲ್ಲ. ಅದೇ ನನ್ನ ಭಯ.

---

ಅದು ಎರವಲಿನಿಂದ ಸಾಯಲಿಲ್ಲ ಸಾರ್. 832ರಲ್ಲಿ ನನ್‌ಚಾವ್ ಅನ್ನುವ, ಈಗಿನ ಚೀನಾದ ಯುನ್ನಾನ್ ಕಡೆಯ ರಾಜ್ಯದ ಸೈನ್ಯ ಬಂದು ಪ್ಯೂಗಳ ನಗರವೊಂದನ್ನು ದೋಚಿತು, ಆಮೇಲೆ ಬರ್ಮೀಯರ ಕೈ ಮೇಲಾಯಿತು, ಪ್ಯೂಗಳು ಅವರಲ್ಲಿ ಬೆರೆತರು. ಆದರೂ ಬರ್ಮೀಯರ ರಾಜಧಾನಿ ಬಗಾನಿನ ಮ್ಯಾಜೆದಿ ಶಾಸನದಲ್ಲಿ, ಅಂದರೆ ಸುಮಾರು 1113ರಲ್ಲಿ ಕೂಡ, ಪಾಲಿ, ಮೋನ್, ಬರ್ಮೀಸ್ ಜೊತೆ ಪ್ಯೂ ಇದೆ. ಒಂದೇ ವಿಷಯ ನಾಲ್ಕೂ ಮಾತಿನಲ್ಲಿರುವ ಆ ಕಲ್ಲು ಇದ್ದದ್ದಕ್ಕೇ ಇಂಗ್ಲಿಷ್ ವಿದ್ವಾಂಸ ಬ್ಲಾಗ್ಡನ್ 1911ರಲ್ಲಿ ಪ್ಯೂ ಓದಲು ಸಾಧ್ಯವಾಯಿತು. ಮಾತು ಉಳಿಯುವುದು ಆಡುವ ಜನ ಇದ್ದರೆ. ಕಂದಕ ಬಿಟ್ಟು ಅಗಳು ಬರೆದರೆ ಅಲ್ಲ.

---

ಆಡುವ ಜನ ತಮ್ಮ ಪದಗಳನ್ನು ಒಂದೊಂದಾಗಿ ಬಿಟ್ಟ ಮೇಲೆ ಇನ್ನೇನು ಆಡುತ್ತಾರೆ? ಅಗಳು ಕಳೆದದ್ದು ಹೀಗೇ, ಸುಮ್ನೆ ಯಾರೂ ಬರೆಯಲಿಲ್ಲ ಅಂತ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

---

ಕೇಳಿದವಳು ನಾನೇ. ಜಗಳ ಮುಗಿಯುವವರೆಗೆ ಪ್ರಿಂಟಿನವರು ಕಾಯುವುದಿಲ್ಲ, ಹೀಗೆ ಮಾಡಿದ್ದೇನೆ. ‘ಶ್ರೀಕ್ಷೇತ್ರ ನಗರ’. ‘ನೆಲೆ’ ತುಂಬಾ ಹಿಡಿಸಿತು, ಎಲ್ಲ ಕಡೆ ಅದೇ. ದೊಡ್ಡ ಅಕ್ಷರದಲ್ಲಿ ‘ಕಂದಕ’, ಕೆಳಗಿನ ವಿವರದಲ್ಲಿ ಒಂದು ಸಲ ‘ಕೋಟೆಯ ಅಗಳು’. ಕೋಟೆ ಜೊತೆಗಿದ್ದರೆ ಅನ್ನ ಅಂತ ಯಾರೂ ಓದುವುದಿಲ್ಲ ಅಲ್ವಾ? ಮಣ್ಣಿನದಕ್ಕೆ ‘ಬೂದಿ ಗಡಿಗೆ’, ರಾಜರ ಕಲ್ಲಿನದಕ್ಕೆ ‘ಅಸ್ಥಿಕುಂಭ’.

ಒಂದೇ ಉಳಿದಿದೆ. ಶ್ರೀಕ್ಷೇತ್ರದ ಬಾವ್‌ಬಾವ್‌ಜಿ ಸ್ತೂಪದ ಫೋಟೋ ಇದೆ, ಸುಮಾರು 46 ಮೀಟರ್ ಎತ್ತರ, ನೆಟ್ಟಗೆ ಉರುಳೆಯ ಹಾಗೆ. ‘ಸ್ತಂಭಾಕಾರ’ ಅಂದರೆ ಕಂಬ ಕಣ್ಣಿಗೆ ಬರುತ್ತದೆ, ಇದು ಅದಕ್ಕಿಂತ ಜಾಸ್ತಿ ದಪ್ಪ. ‘ಕಣಜದಂಥ ಸ್ತೂಪ’ ಅಂತ ಬರೆಯಬಹುದಾ? ಮಧ್ಯಾಹ್ನದೊಳಗೆ ಹೇಳಿ.