ಪದಚರ್ಚೆ: ಕಿಟ್ ವಿಮಾನದ ಆಕ್ಸೆಸರಿ, ಅಪ್‌ಗ್ರೇಡ್, ಆಫ್ಟರ್‌ಮಾರ್ಕೆಟ್ – ಎಲ್ಲಕ್ಕೂ ‘ಬಿಡಿಭಾಗ’ ಸಾಕೆ?

ಪ್ರಶ್ನೆ

ಬಳಗದವರಿಗೆ ನಮಸ್ಕಾರ.

ಅಮೆರಿಕದ ಲೈಟ್ ಸ್ಪೋರ್ಟ್ ಎಂಬ ಹಗುರ ವಿಮಾನ ವರ್ಗದ ಕಿಟ್ ವಿಮಾನಗಳಿಗೆ (ಭಾಗಗಳಾಗಿ ಬಂದು, ಕೊಂಡವರು ಜೋಡಿಸಿಕೊಳ್ಳುವಂಥವು) ಆಮೇಲೆ ಹಾಕಿಸುವ ಸಾಮಾನುಗಳ ಬಗ್ಗೆ ಒಂದು ಕನ್ನಡ ಕೈಪಿಡಿಯ ಕರಡು ತಿದ್ದುತ್ತಿದ್ದೇನೆ. ಓದುವವರು ಐಟಿಐ, ಡಿಪ್ಲೊಮಾ ಮುಗಿಸಿ ವಿಮಾನ ದುರಸ್ತಿ ಕೆಲಸಕ್ಕೆ ಸೇರುವವರು. ಕರಡಿನಲ್ಲಿ ಸ್ಪೇರ್, ಆಕ್ಸೆಸರಿ, ಅಪ್‌ಗ್ರೇಡ್, ಆಫ್ಟರ್‌ಮಾರ್ಕೆಟ್ ನಾಲ್ಕಕ್ಕೂ ‘ಬಿಡಿಭಾಗ’ ಎಂದೇ ಇದೆ. ಓದಲು ಸಲೀಸು, ಅರ್ಥ ಕಲಸಿಹೋಗುತ್ತದೆ ಎಂಬ ಅನುಮಾನ ನನ್ನದು.

ಇನ್ನೂ ಮೂರು ಪದಗಳ ಬಗ್ಗೆ ಕೇಳಬೇಕಿದೆ. ಸ್ಟಾಲ್‌ಗೆ ‘ಸ್ಥಗಿತ’, ವೋರ್ಟೆಕ್ಸ್ ಜನರೇಟರ್‌ಗೆ ‘ಸುಳಿಗರಿ’, ಪ್ರೊಪೆಲ್ಲರಿನ ಪಿಚ್‌ಗೆ ‘ಓರೆ’ ಎಂದು ಬರೆದಿದ್ದಾರೆ. ಇವು ನಿಲ್ಲುತ್ತವೆಯೇ? ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಓದಿ ತಪ್ಪು ಮಾಡದಂಥ ಪದ ಬೇಕು.

ಉತ್ತರ 1

ಮೇಡಂ, ನಿಮ್ಮ ಅನುಮಾನ ಸರಿಯಾದದ್ದೇ. ನಮ್ಮಲ್ಲಿ ‘ಬಿಡಿಭಾಗ’ ಎಂದರೆ ಸವೆದದ್ದನ್ನು ತೆಗೆದು ಅಂಥದ್ದನ್ನೇ ಹಾಕುವುದು. ತೂಕ, ಅಳತೆ, ಗುಣ ಯಾವುದೂ ಬದಲಾಗಿಲ್ಲ ಎಂಬ ಭರವಸೆ ಆ ಪದದಲ್ಲೇ ಇದೆ. ವಿಮಾನದಲ್ಲಿ ಆ ಭರವಸೆ ಎಲ್ಲ ಸಾಮಾನಿಗೂ ಸಲ್ಲುವುದಿಲ್ಲ. ಕೈಪಿಡಿಯಲ್ಲಿ ಕೆಲಸವನ್ನು ಮೂರಾಗಿ ಒಡೆಯಿರಿ: ಬದಲಿ, ಸೇರ್ಪಡೆ, ಮಾರ್ಪಾಡು.

ರೋಟ್ಯಾಕ್ಸ್ 912 ಎಂಜಿನ್ನಿನ ಕಾರ್ಬುರೇಟರ್ ಕೂರುವ ರಬ್ಬರ್ ಫ್ಲ್ಯಾಂಜನ್ನು 5 ವರ್ಷಕ್ಕೊಮ್ಮೆ ಹೊಸತು ಮಾಡುವುದು ಬದಲಿ. ಅದೇ ಕಾರ್ಬುರೇಟರಿನ ತೇಲುಗುಂಡುಗಳು ಪೆಟ್ರೋಲ್ ಹೀರಿ ಭಾರವಾಗುತ್ತವೆ. ಒಂದು ಕಾರ್ಬುರೇಟರಿನ ಎರಡೂ ಗುಂಡು ಸೇರಿ 7 ಗ್ರಾಂ ಮೀರಿದರೆ ಹೊಸ ಜೋಡಿ ಹಾಕಬೇಕು. ಇದೂ ಬದಲಿಯೇ. ಇಂಥಲ್ಲಿ ‘ಬಿಡಿಭಾಗ’ ಎನ್ನಿ, ತಕರಾರಿಲ್ಲ.

ರಾಕೆಟ್ಟಿನಿಂದ ಬಿಚ್ಚಿಕೊಳ್ಳುವ ವಿಮಾನ ಪ್ಯಾರಾಶೂಟ್, ಆಟೊಪೈಲಟ್, ಹೆಚ್ಚುವರಿ ದೀಪ ಇವು ಸೇರ್ಪಡೆ. ಮೊದಲು ಇರಲಿಲ್ಲ, ಈಗ ಬಂತು, ತೂಕವೂ ಬಂತು. ಆಕ್ಸೆಸರಿಗೆ ಪುಸ್ತಕಗಳಲ್ಲಿ ‘ಪರಿಕರ’ ಎಂದಿರುತ್ತದೆ. ‘ಕೃಷಿ ಪರಿಕರ’ ಕೇಳಿ ಬೆಳೆದವರಿಗೆ ಅದು ಉಪಕರಣದ ಪೆಟ್ಟಿಗೆ ಅನ್ನಿಸುತ್ತದೆ, ವಿಮಾನಕ್ಕೆ ಬಿಗಿದ ಸಾಮಾನು ಅನ್ನಿಸುವುದಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಆಡುವ ‘ಎಕ್ಸ್‌ಟ್ರಾ ಫಿಟ್ಟಿಂಗ್’ ಅದಕ್ಕಿಂತ ನಿಖರ. ಬರಹಕ್ಕೆ ‘ಸೇರ್ಪಡೆ’ ಎಂದು ಇಟ್ಟುಕೊಳ್ಳಿ, ಮೊದಲ ಸಲ ಬಂದಾಗ ಗ್ಯಾರೇಜಿನ ಮಾತನ್ನೂ ಪಕ್ಕದಲ್ಲಿ ಕೊಡಿ.

ಇದ್ದದ್ದನ್ನೇ ತೆಗೆದು ಬೇರೆ ಗುಣದ್ದನ್ನು ಹಾಕುವುದು ಮಾರ್ಪಾಡು. ಸೀಸದ ಬ್ಯಾಟರಿಯ ಜಾಗಕ್ಕೆ ಲಿಥಿಯಂ, ಮರದ ಪ್ರೊಪೆಲ್ಲರಿನ ಜಾಗಕ್ಕೆ ಕಾರ್ಬನ್ ನಾರಿನದು, ಸಣ್ಣ ಟೈರಿನ ಜಾಗಕ್ಕೆ ಕಲ್ಲುನೆಲದ ದೊಡ್ಡ ಟೈರು. ಅಪ್‌ಗ್ರೇಡ್‌ಗೆ ಪತ್ರಿಕೆಗಳ ‘ಮೇಲ್ದರ್ಜೆಗೇರಿಸು’ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆಸ್ಪತ್ರೆ, ಹೆದ್ದಾರಿಗಳಿಗೆ ಅದು ಒಗ್ಗಿದೆ. ಇಲ್ಲಿ ಆ ಪದ ‘ಹಾಕಿದರೆ ಒಳ್ಳೆಯದೇ ಆಗುತ್ತದೆ’ ಎಂದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ದೊಡ್ಡ ಟೈರು ಹಾಕಿದರೆ ಒರಟು ನೆಲದಲ್ಲಿ ಇಳಿಯುವುದು ಸುಲಭ. ಹಾರುವಾಗ ಗಾಳಿಯ ಎಳೆತ ಹೆಚ್ಚಿ ವೇಗ ಇಳಿಯುತ್ತದೆ. ಮಾರ್ಪಾಡು ಎಂದರೆ ಓದುವವರು ಎರಡು ಕಡೆಯನ್ನೂ ನೋಡುತ್ತಾರೆ.

ಆಫ್ಟರ್‌ಮಾರ್ಕೆಟ್ ಈ ಮೂರರ ಸಾಲಿಗೆ ಬರುವುದೇ ಇಲ್ಲ. ಸಾಮಾನು ಏನು ಮಾಡುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರು ತಯಾರಿಸಿದರು ಎಂಬುದನ್ನು ಅದು ಹೇಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಕಂಪನಿ ಮಾಲು’, ‘ಹೊರಗಿನ ಮಾಲು’ ಎನ್ನುತ್ತಾರಲ್ಲ, ಅದೇ ಭೇದ. ‘ಡೂಪ್ಲಿಕೇಟ್’ ಎಂದು ಮಾತ್ರ ಬರೆಯಬೇಡಿ, ಅದು ನಕಲಿ ಎಂಬ ಆರೋಪ. ‘ಹೊರತಯಾರಿಕೆ’ ಎಂದರೆ ಸಾಕು.

ಈ ಭೇದ ಕಾಗದಪತ್ರದಲ್ಲಿ ತಕ್ಷಣ ಕಾಣಿಸುತ್ತದೆ. ಕಾರ್ಖಾನೆಯಲ್ಲೇ ಸಿದ್ಧವಾದ ಲೈಟ್ ಸ್ಪೋರ್ಟ್ ವಿಮಾನಕ್ಕೆ ಮಾರ್ಪಾಡು ಮಾಡಲು ತಯಾರಕರ ಲಿಖಿತ ಒಪ್ಪಿಗೆ ಬೇಕು, ಸಾಮಾನು ಎಷ್ಟೇ ಉತ್ತಮವಾಗಿರಲಿ. ಪ್ರಾಯೋಗಿಕ ಲೈಟ್ ಸ್ಪೋರ್ಟ್ ಕಿಟ್ ಆದರೆ ಹಾರಾಟದ ಪ್ರಮಾಣಪತ್ರ ಕೈಗೆ ಬರುವವರೆಗೆ ತಯಾರಕರ ನಕ್ಷೆಯಂತೆಯೇ ಕಟ್ಟಬೇಕು, ಬದಲಾವಣೆ ಏನಿದ್ದರೂ ಆಮೇಲೆ. ಹವ್ಯಾಸಿಗಳು ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ತಾವೇ ಮಾಡಿ ಕಟ್ಟುವ ವರ್ಗದಲ್ಲಿ ಮೊದಲ ದಿನದಿಂದಲೇ ಬೇಕಾದ ಹೊರತಯಾರಿಕೆ ಹಾಕಬಹುದು. ಪ್ರಮಾಣಪತ್ರ ಸಿಕ್ಕ ಮೇಲೆ ದೊಡ್ಡ ಮಾರ್ಪಾಡು ಮಾಡಿದರೆ ಮಾತ್ರ ಮತ್ತೆ ಕನಿಷ್ಠ 5 ಗಂಟೆ ಪರೀಕ್ಷಾ ಹಾರಾಟ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಎಲ್ಲವನ್ನೂ ‘ಬಿಡಿಭಾಗ’ ಎಂದು ಓದಿಕೊಂಡವರಿಗೆ ಇಲ್ಲಿ ಒಪ್ಪಿಗೆಯ ಪ್ರಶ್ನೆ ಇದೆ ಎಂದೇ ಹೊಳೆಯುವುದಿಲ್ಲ.

ತೂಕದ ಅಧ್ಯಾಯಕ್ಕೆ ‘ಖಾಲಿ ತೂಕ’, ‘ಹೊರೆ’, ‘ಗುರುತ್ವ ಕೇಂದ್ರ’, ‘ಆಧಾರ ರೇಖೆ’ (ದೂರಗಳನ್ನೆಲ್ಲ ಅಳೆಯಲು ಗೊತ್ತುಮಾಡಿದ ಗೆರೆ) ಸಾಕು. ‘ಮೊಮೆಂಟ್’ ಅನ್ನು ತೂಕ ಮತ್ತು ದೂರದ ಗುಣಲಬ್ಧ ಎಂದು ಬಿಡಿಸಿ ಹೇಳಿ, ಹೊಸ ಪದ ಕಟ್ಟಬೇಡಿ. ಒಂದು ಮಾದರಿ ಲೆಕ್ಕ ಕೊಡುತ್ತೇನೆ. ಖಾಲಿ ತೂಕ 340 ಕಿಲೋ, ಗುರುತ್ವ ಕೇಂದ್ರ ಆಧಾರ ರೇಖೆಯಿಂದ 2.00 ಮೀಟರ್ ಹಿಂದೆ, ಗುಣಲಬ್ಧ 680. ಎಂಜಿನ್ ಹಿಂದಿನ ತಡೆಗೋಡೆಯ ಮೇಲೆ, 1.20 ಮೀಟರಿನಲ್ಲಿ 7 ಕಿಲೋ ಬ್ಯಾಟರಿ ಇತ್ತು, ಈಗ 2 ಕಿಲೋದ ಲಿಥಿಯಂ ಬಂತು. ಕಳೆದದ್ದು 5 ಕಿಲೋ, ಗುಣಲಬ್ಧದಲ್ಲಿ 6. ಉಳಿದ 674ನ್ನು 335ರಿಂದ ಭಾಗಿಸಿದರೆ 2.012. ಅಂದರೆ ಗುರುತ್ವ ಕೇಂದ್ರ 12 ಮಿಲಿಮೀಟರ್ ಹಿಂದೆ ಸರಿಯಿತು. ತೂಕ ಇಳಿಯಿತೆಂದು ಖುಷಿಪಟ್ಟು ಬಾಲದ ಕಡೆ ಸಾಮಾನು ತುಂಬಿದರೆ ಹಿಂದಿನ ಮಿತಿ ದಾಟುತ್ತದೆ. ಮಿತಿ ದಾಟಿದ ವಿಮಾನದ ಮೂತಿ ಮೇಲೆದ್ದರೆ ತಗ್ಗಿಸುವುದು ಕಷ್ಟ.

ಲಿಥಿಯಂ ವಿಷಯದಲ್ಲಿ ಇನ್ನೊಂದು ಎಚ್ಚರ ಸೇರಿಸಿ. ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ ಸೀಸದ ಬ್ಯಾಟರಿ ಕುದಿದು ವಾಸನೆ ಕೊಡುತ್ತದೆ. ಲಿಥಿಯಂ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಬ್ಯಾಟರಿಯನ್ನು ಕಳಚಿಬಿಡಬಹುದು. ಆಗ ಏರಿದ ವೋಲ್ಟೇಜ್ ನೇರ ಪೈಲಟ್ ಮುಂದಿನ ಎಲೆಕ್ಟ್ರಾನಿಕ್ ಪರದೆಗಳ ಮೇಲೆ ಬೀಳುತ್ತದೆ. ಅಧಿಕ ವೋಲ್ಟೇಜ್ ತಡೆ ಇಲ್ಲದೆ ಈ ಮಾರ್ಪಾಡು ಪೂರ್ಣವಲ್ಲ. ರೆಗ್ಯುಲೇಟರಿಗೆ ತಂಪು ಗಾಳಿ ಬೀಳುವ ಜಾಗವನ್ನೂ ಅದೇ ಕೆಲಸದಲ್ಲಿ ನೋಡಿಕೊಳ್ಳಬೇಕು. ಅದು ಬಿಸಿಗೇ ಕೆಡುವುದು.

ಪಿಚ್‌ಗೆ ‘ಓರೆ’ ಚೆನ್ನಾಗಿದೆ, ಆದರೆ ಅರ್ಧ ಕಡೆ ಮಾತ್ರ. ನೆಲದ ಮೇಲೆ ನಿಂತು ಹೊಂದಿಸುವ ಪ್ರೊಪೆಲ್ಲರಿನಲ್ಲಿ ಪಿಚ್ ಎಂದರೆ ಅಲಗಿನ ಕೋನ. ಅಲ್ಲಿ ‘ಅಲಗಿನ ಓರೆ’ ಎನ್ನಿ. ಮರದ ಪ್ರೊಪೆಲ್ಲರ್ ಮೇಲೆ ಇಂಚಿನಲ್ಲಿ ಕೆತ್ತಿರುವ ಪಿಚ್ ಒಂದು ಸುತ್ತು ತಿರುಗಿದರೆ ಎಷ್ಟು ದೂರ ಸಾಗಬೇಕು ಎಂಬ ಲೆಕ್ಕ. ಅದು ಓರೆಯಲ್ಲ, ‘ಪಿಚ್’ ಎಂದೇ ಇರಲಿ. ವಿಮಾನದ ಮೂತಿ ಏರಿಳಿಯುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಅಲ್ಲಿ ‘ಮೂತಿಯ ಏರಿಳಿತ’ ಎನ್ನಿ.

ಓರೆ ಹೊಂದಿಸುವ ಕ್ರಮವನ್ನೂ ಕರಡಿನಲ್ಲಿ ಎರಡೇ ಸಾಲಿನಲ್ಲಿ ಮುಗಿಸಿರಬಹುದು, ಬೆಳೆಸಿ. ಇಗ್ನಿಷನ್ ಆಫ್, ಕೀಲಿ ಜೇಬಿನಲ್ಲಿ. ಎಲ್ಲ ಅಲಗುಗಳನ್ನೂ ಮಧ್ಯದಿಂದ ಒಂದೇ ದೂರದಲ್ಲಿ ಗುರುತು ಮಾಡಿ, ಪ್ರತಿ ಅಲಗನ್ನೂ ಒಂದೇ ಸ್ಥಾನಕ್ಕೆ ತಿರುಗಿಸಿ ತಂದು ಡಿಜಿಟಲ್ ಕೋನಮಾಪಕ ಇಡಬೇಕು. ಒಂದು ಅಲಗು ಬೇರೆಯಾದರೂ ನಡುಕ ಬರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ತಯಾರಕರು ಕೊಟ್ಟ ಟಾರ್ಕಿಗೆ ಬಿಗಿದು ಬಣ್ಣದ ಗೆರೆ ಎಳೆಯಬೇಕು. ಆಮೇಲೆ ಬಾಲ ಕಟ್ಟಿ, ಚಕ್ರಕ್ಕೆ ಅಡೆ ಕೊಟ್ಟು, ಎಣ್ಣೆ 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪೂರ್ತಿ ಥ್ರಾಟಲ್. ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ ನಿಮಿಷಕ್ಕೆ 5800 ಸುತ್ತು ಮುಟ್ಟಬಹುದು, ಅದೂ 5 ನಿಮಿಷ ಮಾತ್ರ; ನಿರಂತರ ಓಟಕ್ಕೆ 5500. ಪೂರ್ತಿ ಥ್ರಾಟಲಿನಲ್ಲಿ 5200ಕ್ಕಿಂತ ಕೆಳಗೆ ನಿಂತರೆ ಓರೆ ಹೆಚ್ಚಾಗಿದೆ ಎಂದರ್ಥ. ಎಂಜಿನ್ ಏದುತ್ತದೆ, ಬಿಸಿಯಾಗುತ್ತದೆ, ಸಿಲಿಂಡರಿನೊಳಗೆ ಬಡಿತ ಶುರುವಾಗುತ್ತದೆ.

ಉತ್ತರ 2

ಸರ್ ಹೇಳಿದ ಬದಲಿ, ಸೇರ್ಪಡೆ, ಮಾರ್ಪಾಡು ವಿಂಗಡಣೆಗೆ ನನ್ನದೂ ಒಪ್ಪಿಗೆ. ಉಳಿದ ಎರಡು ಪದಗಳ ಬಗ್ಗೆ ಬರೆಯುತ್ತೇನೆ.

‘ಸ್ಥಗಿತ’ವನ್ನು ದಯವಿಟ್ಟು ಕೈಬಿಡಿ. ‘ಸ್ಥಗಿತ ವೇಗ 45 ನಾಟ್’ ಎಂದು ಓದಿದ ಯಾರಿಗಾದರೂ 45 ನಾಟಿಗೆ ಎಂಜಿನ್ ನಿಂತುಹೋಗುತ್ತದೆ ಎಂದೇ ಅನ್ನಿಸುತ್ತದೆ. ಎಂಜಿನ್ ಪೂರ್ತಿ ಓಡುತ್ತಿರುವಾಗಲೂ ಸ್ಟಾಲ್ ಆಗುತ್ತದೆ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮಿತಿ ಮೀರಿದಾಗ ಮೇಲ್ಮೈಯಿಂದ ಗಾಳಿ ಕಿತ್ತುಕೊಂಡು ಎತ್ತುವ ಬಲ ಕುಸಿಯುತ್ತದೆ. ಪರಿಹಾರ ಮೂತಿ ತಗ್ಗಿಸುವುದು. ‘ಸ್ಥಗಿತ’ ಎಂದು ಕಲಿತವರ ಕೈ ಮೊದಲು ಸ್ಟಾರ್ಟರಿನ ಕಡೆ ಹೋಗುತ್ತದೆ. ಬರೀ ‘ಸ್ಟಾಲ್’ ಎಂದರೆ ನಮಗೆ ಪುಸ್ತಕ ಮಳಿಗೆ. ‘ಎತ್ತುಬಲ ಕುಸಿತ’, ‘ಕುಸಿತದ ವೇಗ’ ಎಂದು ನನ್ನ ಸಲಹೆ.

ಈ ಪದದ ತೂಕ ಈಗ ಹೆಚ್ಚಿದೆ. 2004ರ ಅಮೆರಿಕದ ನಿಯಮದಲ್ಲಿ ಲೈಟ್ ಸ್ಪೋರ್ಟ್ ಎಂದರೆ ನೆಲದ ವಿಮಾನಕ್ಕೆ ಗರಿಷ್ಠ 600 ಕಿಲೋ, ನೀರಿನ ಮೇಲಿನದಕ್ಕೆ 650 ಕಿಲೋ, ಎರಡು ಆಸನ, ಫ್ಲ್ಯಾಪ್ (ರೆಕ್ಕೆಯ ಹಿಂದಿನ ಅಂಚಿನ ಇಳಿಸುವ ಪಟ್ಟಿ) ಇಳಿಸದೆ ಕುಸಿತದ ವೇಗ 45 ನಾಟ್ ಒಳಗೆ. 2025ರ ಜುಲೈಯಲ್ಲಿ ಪ್ರಕಟವಾದ, ಮೊಸಾಯಿಕ್ ಎಂದು ಕರೆಯುವ ಅಲ್ಲಿನ ಹೊಸ ನಿಯಮ ತೂಕದ ಆ ಮಿತಿಯನ್ನು ಬಿಟ್ಟು ಕುಸಿತದ ವೇಗವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿದೆ. ಹಾಗೆಂದು ಕೈಯಲ್ಲಿರುವ ವಿಮಾನಕ್ಕೆ ತಯಾರಕರು ಬರೆದ ಗರಿಷ್ಠ ತೂಕ ಏರುವುದಿಲ್ಲ. ಕೈಪಿಡಿಯಲ್ಲಿ ಇದನ್ನು ಒತ್ತಿ ಹೇಳಿ.

‘ಸುಳಿಗರಿ’ ಕಿವಿಗೆ ಇಂಪಾಗಿದೆ. ತೊಂದರೆ ಏನೆಂದರೆ ತುಮಕೂರು, ಹಾಸನದ ತೆಂಗಿನ ಸೀಮೆಯವರಿಗೆ ಸುಳಿ ಎಂದರೆ ಮರದ ತುದಿಯ ಎಳೆ ಗರಿ. ‘ಸುಳಿ ಕೊಳೆ ರೋಗ’ ಎಲ್ಲರಿಗೂ ಗೊತ್ತು. ಹಾಗಾಗಿ ಮೊದಲು ಗಾಳಿ ಬರಲಿ: ‘ಗಾಳಿಸುಳಿ ಪಟ್ಟಿ’. ರೆಕ್ಕೆಯ ಮೇಲೆ ಸಾಲಾಗಿ ಅಂಟಿಸುವ ಬೆರಳುದ್ದದ ಪಟ್ಟಿಗಳು ಸಣ್ಣ ಸಣ್ಣ ಸುಳಿ ಎಬ್ಬಿಸಿ, ಗಾಳಿ ಮೇಲ್ಮೈಗೆ ಇನ್ನಷ್ಟು ಹೊತ್ತು ಅಂಟಿಕೊಂಡಿರುವಂತೆ ಮಾಡುತ್ತವೆ. ಕೆಲಸವನ್ನೂ ಆಕಾರವನ್ನೂ ಈ ಹೆಸರು ಹೇಳುತ್ತದೆ.

ಅಂಟಿಸುವ ಭಾಗ ಹೀಗಿರಲಿ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಸುಮಾರು 7ರಿಂದ 10 ಶೇಕಡಾ ಹಿಂದೆ, ಗಾಳಿಯ ದಿಕ್ಕಿಗೆ ಸುಮಾರು 15 ಡಿಗ್ರಿ ಓರೆಯಾಗಿ, ಜೋಡಿಯ ಒಂದು ಎಡಕ್ಕೆ ಇನ್ನೊಂದು ಬಲಕ್ಕೆ. ಖಚಿತ ಜಾಗ ಆಯಾ ಮಾದರಿಯ ತಯಾರಕರ ಹಾಳೆಯಂತೆ. ರಟ್ಟಿನ ಅಚ್ಚು ಒಂದೇ ಇರಲಿ, ಎರಡೂ ರೆಕ್ಕೆಗೆ ಅದನ್ನೇ ಬಳಸಬೇಕು. ಎಡಬಲ ವ್ಯತ್ಯಾಸವಾದರೆ ಕುಸಿತದಲ್ಲಿ ಒಂದು ರೆಕ್ಕೆ ಮೊದಲು ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೇಣ, ಎಣ್ಣೆ ಒರೆಸದೆ ಅಂಟಿಸಿದ್ದು ಬೇಗ ಉದುರುತ್ತದೆ. ಮೊದಲು ಟೇಪಿನಲ್ಲಿ ಕೂರಿಸಿ ಎತ್ತರದಲ್ಲಿ ಪರೀಕ್ಷಿಸಿ, ಆಮೇಲೆ ಗಟ್ಟಿ ಅಂಟು. ಕುಸಿತದ ವೇಗ ಇಳಿಯಿತೆಂದು ವೇಗಸೂಚಿ ತೋರಿಸಿದ್ದನ್ನೆಲ್ಲ ನಂಬಬಾರದು: ಮೂತಿ ತೀರ ಮೇಲಿದ್ದಾಗ ಗಾಳಿ ಹಿಡಿಯುವ ಕೊಳವೆ ಓರೆಯಾಗಿ ಕಡಿಮೆ ಓದುತ್ತದೆ.

‘ಕಿಟ್’ ಅನುವಾದಿಸುವ ಗೋಜು ಬೇಡ. ದಿನಸಿ ಕಿಟ್ ಎಂದರೆ ಹಳ್ಳಿಯಲ್ಲೂ ಗೊತ್ತು. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಕಿಟ್ ವಿಮಾನಗಳು ಬ್ರಿಟನ್ನಿನಲ್ಲೂ ಹಾರಿವೆ, ಒಂದು ಮಾದರಿಯ ಹೆಸರು ಹನುಮಾನ್.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ಕರಡಿನ ಒಂದು ವಾಕ್ಯ ಹೀಗಿತ್ತು: ‘ಸುಳಿಗರಿ ಬಿಡಿಭಾಗ ಅಳವಡಿಸಿ ಸ್ಥಗಿತ ವೇಗವನ್ನು ಮೇಲ್ದರ್ಜೆಗೇರಿಸಬಹುದು.’ ಈಗ ಹೀಗೆ ತಿದ್ದಿದ್ದೇನೆ: ‘ಗಾಳಿಸುಳಿ ಪಟ್ಟಿ ಹೊರತಯಾರಿಕೆಯ ಸೇರ್ಪಡೆ. ಇದು ಕುಸಿತದ ವೇಗವನ್ನು ತಗ್ಗಿಸಬಲ್ಲದು. ಕಾರ್ಖಾನೆ ವಿಮಾನವಾದರೆ ತಯಾರಕರ ಪತ್ರ ಬಂದ ಮೇಲೆಯೇ ಅಂಟಿಸಬೇಕು.’ ಕೊನೆಯದಾಗಿ ವೀಲ್ ಪ್ಯಾಂಟ್‌ಗೆ ‘ಚಕ್ರದ ಕವಚ’ ಆಗಬಹುದೇ?

ಉತ್ತರ 1, ಮತ್ತೆ

ತಿದ್ದಿದ ವಾಕ್ಯದಲ್ಲಿ ಒಂದೇ ತಕರಾರು: ಪಟ್ಟಿ ಸೇರ್ಪಡೆಯೂ ಹೌದು, ಹಾರುವ ಗುಣ ಬದಲಿಸುವುದರಿಂದ ಮಾರ್ಪಾಡೂ ಹೌದು. ಹಾರಾಟ ಬದಲಾಗುವ ಕಡೆಯೆಲ್ಲ ಮಾರ್ಪಾಡು ಎಂದೇ ಬರೆಯಿರಿ, ಒಪ್ಪಿಗೆಯ ನಿಯಮ ಅದನ್ನೇ ಹಿಂಬಾಲಿಸುತ್ತದೆ.

‘ಕವಚ’ ಎಂದರೆ ಪೆಟ್ಟು ತಡೆಯುವಂಥದ್ದು. ಇದು ಪೆಟ್ಟು ತಡೆಯುವುದಿಲ್ಲ, ಗಾಳಿಯ ಎಳೆತ ಕಡಿಮೆ ಮಾಡುವ ತೆಳು ಹೊದಿಕೆ. ದಿಂಬಿನ ಗವಸು ಇದ್ದ ಹಾಗೆ ‘ಚಕ್ರಗವಸು’ ಎನ್ನಿ. ಟೈರಿಗೂ ಗವಸಿಗೂ ನಡುವೆ ಸುತ್ತಲೂ ಬೆರಳು ಆಡುವಷ್ಟು ಜಾಗ ಇರಲಿ, ಗಾಳಿ ತುಂಬಲು ತೂತು ಇರಲಿ. ಹಸಿ ಹುಲ್ಲಿನ ಓಟಪಥದಲ್ಲಿ ಒಳಗೆ ಕೆಸರು ತುಂಬಿ ಒಣಗಿದರೆ ಚಕ್ರ ಹಿಡಿದುಕೊಳ್ಳುತ್ತದೆ, ಹಿಡಿಕೆಯ ಬುಡ ಬಿರಿಯುತ್ತದೆ. ಮಳೆಗಾಲದಲ್ಲಿ ಕಳಚಿಡುವವರು ತೂಕದ ಹಾಳೆಯಲ್ಲಿ ಎರಡು ಸಾಲು ಇಟ್ಟುಕೊಳ್ಳಬೇಕು, ಗವಸು ಇದ್ದಾಗಿನದು ಒಂದು, ಇಲ್ಲದಾಗಿನದು ಒಂದು.