ಅಪ್‌ಡೇಟ್: ವಿಶ್ಲೇಷಣೆಯ ವ್ಯಾಪ್ತಿ ಕೊನೆಗೂ ಒಪ್ಪಿಗೆ ಆಯಿತು

ಗ್ರಾಹಕರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತ ಡೇಟಾ ನೋಡಿ ಹೇಳಬೇಕು, ಆದರೆ ಪ್ರತಿ ಮೀಟಿಂಗಿನಲ್ಲೂ ಹೊಸ ಪ್ರಶ್ನೆ ಸೇರಿಕೊಳ್ಳುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಈಗ ಕೆಲಸ ಶುರುವಾಗಿದೆ.

ಆಗ ಬಂದ ಸಲಹೆಗಳಲ್ಲಿ ಕೈ ಹಿಡಿದದ್ದು ನಕಲಿ ಚಾರ್ಟಿನದು. ಡೇಟಾ ಮುಟ್ಟುವ ಮೊದಲೇ ಕೊನೆಯ ವರದಿಯ ಟೇಬಲ್, ಗ್ರಾಫ್‌ಗಳನ್ನು ಸುಮ್ನೆ ಏನೋ ಅಂಕಿ ತುಂಬಿ ತೋರಿಸಿದೆ. (ಮೇಲೆ ದೊಡ್ಡದಾಗಿ ‘ನಕಲಿ ಅಂಕಿ’ ಅಂತ ಬರೆಯಿರಿ. ಇಲ್ಲದಿದ್ದರೆ ಯಾರಾದರೂ ಅದನ್ನೇ ಸ್ಲೈಡಿಗೆ ಹಾಕಿಕೊಳ್ಳುತ್ತಾರೆ!) ಆಮೇಲೆ ಒಂದೇ ಪ್ರಶ್ನೆ: ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೀರಿ, ಉಲ್ಟಾ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಚಾರ್ಟ್ ಅಲ್ಲೇ ರದ್ದು. ಅಚ್ಚರಿ ಅಂದರೆ, ಎಲ್ಲರೂ ಜಾಸ್ತಿ ಜಗ್ಗಾಡಿದ್ದ ಬೆಲೆಯ ಪ್ರಶ್ನೆಯೇ ಹೀಗೆ ಹೋಯಿತು. ಬೆಲೆ ಬದಲಿಸುವುದಿಲ್ಲ ಅಂತ ಮೇಲಿನವರು ಆಗಲೇ ತೀರ್ಮಾನಿಸಿದ್ದರಂತೆ.

ಉದ್ದನೆಯ ಸ್ಕೋಪ್ ಡಾಕ್ಯುಮೆಂಟ್ (ಕೆಲಸದ ವ್ಯಾಪ್ತಿ ಬರೆದಿಡುವ ಕಡತ) ಮಾತ್ರ ಕೆಲಸಕ್ಕೆ ಬರಲಿಲ್ಲ. ಎಲ್ಲರೂ ‘ಓಕೆ’ ಅಂದರು, ಯಾರೂ ಓದಿರಲಿಲ್ಲ. ಬದಲಿಗೆ ಚಿಕ್ಕ ಮೇಲ್ ಕಳಿಸಿದೆ: ಯಾವ ತೀರ್ಮಾನಕ್ಕಾಗಿ ಈ ಕೆಲಸ, ತೀರ್ಮಾನ ಯಾರದ್ದು, ಯಾವ ಅವಧಿಯ ಡೇಟಾ, ಎಷ್ಟು ದಿನ ಖರೀದಿ ಇಲ್ಲದವರನ್ನು ಬಿಟ್ಟು ಹೋದವರು ಅಂತ ಎಣಿಸುತ್ತೇವೆ, ಏನು ಮಾಡುವುದಿಲ್ಲ. ಕೊನೆಯದೇ ಮುಖ್ಯ ಅಂತ ನನಗನ್ನಿಸುತ್ತದೆ. ಹಳೆಯ ಡೇಟಾದಲ್ಲಿ ಯಾವುದರ ಜೊತೆ ಯಾವುದು ಕಾಣುತ್ತದೆ ಅಂತ ಹೇಳಬಹುದು, ಅದೇ ಕಾರಣ ಅಂತ ಸಾಬೀತು ಮಾಡಲಾಗದು ಅಲ್ವಾ? ಅದನ್ನೂ ಬರೆದೆ.

ಹೊಸ ಪ್ರಶ್ನೆಗಳು ಈಗಲೂ ಬರುತ್ತಿವೆ. ಅವನ್ನು ಬೇರೆ ಪಟ್ಟಿಗೆ ಹಾಕುತ್ತೇನೆ. ಒಂದನ್ನು ಒಳಗೆ ತರಬೇಕಾದರೆ ಇನ್ನೊಂದನ್ನು ಬಿಡಬೇಕು, ಇಲ್ಲವೇ ಗಡುವು ಮುಂದೆ ಹೋಗಬೇಕು.